ಸಹಿ ಇದೆಯಲ್ಲ, ಇನ್ನೇನು ಬೇಕು?

ಎತ್ತರದಲ್ಲಿ ಕೆಲಸ ಮಾಡುತ್ತಿದ್ದವನು ಬಿದ್ದು ಸತ್ತ ಸುದ್ದಿ ನೀವೂ ಓದಿರುತ್ತೀರಿ. ಸಂಜೆಯೊಳಗೆ ಕಂಪನಿಯ ಹೇಳಿಕೆಯೂ ಬಂತು: ‘ಸುರಕ್ಷತೆಯೇ ನಮ್ಮ ಮೊದಲ ಆದ್ಯತೆ. ಮೃತರು ಬೆಲ್ಟ್ ಹಾಕಿರಲಿಲ್ಲ.’ ತನಿಖೆ, ವಿಚಾರಣೆ, ತೀರ್ಪು ಎಲ್ಲ ಎರಡೇ ವಾಕ್ಯದಲ್ಲಿ ಮುಗಿದವು. ನ್ಯಾಯಾಲಯಗಳು ಇವರಿಂದ ಕಲಿಯುವುದು ಬಹಳ ಇದೆ. ಬೆಲ್ಟ್ ಹಾಕಿದ್ದರೂ ಅದರ ಕೊಕ್ಕೆ ಸಿಕ್ಕಿಸಲು ಅಲ್ಲಿ ಏನಿತ್ತು ಅಂತ ಮಾತ್ರ ಕೇಳಬೇಡಿ. ಅದು ಹೇಳಿಕೆಯಲ್ಲಿಲ್ಲ.

ಸುರಕ್ಷತಾ ನೀತಿ ಇದೆಯಾ ಅಂದರೆ ರಿಸೆಪ್ಷನ್ ಗೋಡೆ ತೋರಿಸುತ್ತಾರೆ. ಚಿನ್ನದ ಬಣ್ಣದ ಫ್ರೇಮು, ಕೆಳಗೆ ದೊಡ್ಡವರ ಸಹಿ. ಸೋಫಾದಲ್ಲಿ ಕೂತು ಕಾಯುವ ಅತಿಥಿಗಳು ಯಾವ ಯಂತ್ರಕ್ಕೂ ಕೈ ಕೊಡದಂತೆ ಅದು ಕಾಪಾಡುತ್ತದೆ. ಒಳಗಿನ ಸಾಲು ಎಲ್ಲ ಕಡೆ ಒಂದೇ: ‘ಸುರಕ್ಷತೆ ಪ್ರತಿಯೊಬ್ಬರ ಜವಾಬ್ದಾರಿ.’ ಲಾಭ ಪ್ರತಿಯೊಬ್ಬರದ್ದು ಎಂದು ಬರೆದ ಫ್ರೇಮನ್ನು ನಾನಿನ್ನೂ ನೋಡಿಲ್ಲ.

ಇನ್ನು ಸೇಫ್ಟಿ ಆಫೀಸರ್. ಯಂತ್ರ ನಿಲ್ಲಿಸುವ ಅಧಿಕಾರ ಪ್ರೊಡಕ್ಷನ್ ಮ್ಯಾನೇಜರ್ ಕೈಯಲ್ಲಿ, ಯಾಕೆ ನಿಲ್ಲಿಸಲಿಲ್ಲ ಅನ್ನುವ ನೋಟಿಸ್ ಈ ಪುಣ್ಯಾತ್ಮನ ಹೆಸರಿಗೆ. ಬೆಳಿಗ್ಗೆ ಪಾಳಿ ಶುರುವಾಗುವ ಮೊದಲು ಐದು ನಿಮಿಷ ಟೂಲ್‌ಬಾಕ್ಸ್ ಟಾಕ್ ಎಂಬ ಸುರಕ್ಷತಾ ಪಾಠ ನಡೆಸುತ್ತಾನೆ. ಅವನು ಬಾಯಿ ತೆರೆಯುವ ಮುಂಚೆಯೇ ರಿಜಿಸ್ಟರ್ ಕೈಯಿಂದ ಕೈಗೆ ಹೊರಟಿರುತ್ತದೆ, ದಾರ ಕಟ್ಟಿದ ಪೆನ್ನಿನ ಸಮೇತ. ರಜೆಯಲ್ಲಿರುವವರ ಸಹಿಯನ್ನೂ ಪಕ್ಕದವರು ಗೀಚಿ ಮುಂದೆ ಸಾಗಿಸುತ್ತಾರೆ. ಕೊನೆಯ ಸಹಿ ಬೀಳುವ ಹೊತ್ತಿಗೆ ಸೈರನ್ ಕೂಗಿರುತ್ತದೆ. ನಾಳೆ ಯಾರಾದರೂ ಬಿದ್ದರೆ ಮೊದಲು ಹುಡುಕುವುದು ಆಂಬುಲೆನ್ಸ್ ನಂಬರನ್ನಲ್ಲ, ಇದೇ ರಿಜಿಸ್ಟರನ್ನು.

ಗೇಟಿನಲ್ಲೊಂದು ಬೋರ್ಡು: ‘ಅಪಘಾತವಿಲ್ಲದ ದಿನಗಳು.’ ಇದರ ಮೇಲೆ ನನಗೆ ವಿಶೇಷ ಪ್ರೀತಿ. ಸಂಖ್ಯೆ ಸೊನ್ನೆಗಿಳಿದರೆ ಎಲ್ಲರ ಬೋನಸ್ಸಿಗೂ ಕಲ್ಲು. ಹಾಗಾಗಿ ಬೆರಳು ಜಜ್ಜಿಕೊಂಡವನನ್ನು ಬ್ಯಾಂಡೇಜ್ ಸಮೇತ ಆಫೀಸಿನ ಕುರ್ಚಿಯಲ್ಲಿ ತಂದು ಕೂರಿಸುತ್ತಾರೆ. ಹಾಜರಿ ಇದೆಯಲ್ಲ, ಅಂದಮೇಲೆ ಕೆಲಸದ ದಿನ ನಷ್ಟವಾಗಿಲ್ಲ. ನಷ್ಟವಿಲ್ಲದ ಮೇಲೆ ಅಪಘಾತವೂ ಆಗಿಲ್ಲ. ವೈದ್ಯಶಾಸ್ತ್ರಕ್ಕೂ ಸಾಧ್ಯವಾಗದ ಚಿಕಿತ್ಸೆ ಇದು.

ಈ ಬೋರ್ಡಿನ ಮಹಿಮೆ ಕಡಲಾಚೆಗೂ ಹಬ್ಬಿದೆ. 2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ತೈಲ ರಿಗ್‌ಗೆ ದೊಡ್ಡ ಅಧಿಕಾರಿಗಳು ಭೇಟಿ ಕೊಟ್ಟಿದ್ದರು. ಯಾರೂ ಗಾಯಗೊಂಡು ಕೆಲಸ ತಪ್ಪಿಸದೆ ಏಳು ವರ್ಷ ಕಳೆದದ್ದಕ್ಕೆ ಸಿಬ್ಬಂದಿಯ ಬೆನ್ನು ತಟ್ಟುವುದೂ ಭೇಟಿಯ ಉದ್ದೇಶವಾಗಿತ್ತು. ಅದೇ ರಾತ್ರಿ ರಿಗ್ ಸ್ಫೋಟಿಸಿ 11 ಜನ ಸತ್ತರು. ಇಷ್ಟಕ್ಕೇ ನಿಂತಿದ್ದರೆ ದುರಂತ ಎನ್ನಬಹುದಿತ್ತು. ಮರುವರ್ಷ ರಿಗ್‌ನ ಮಾಲೀಕ ಕಂಪನಿ ಟ್ರಾನ್ಸ್‌ಓಷನ್, ಸುರಕ್ಷತೆಯ ಅಂಕಿಅಂಶದಲ್ಲಿ 2010 ತನ್ನ ಇತಿಹಾಸದಲ್ಲೇ ಅತ್ಯುತ್ತಮ ವರ್ಷ ಎಂದು ಷೇರುದಾರರಿಗೆ ಬರೆದು ಹಿರಿಯರಿಗೆ ಬೋನಸ್ ಕೊಟ್ಟಿತು. ಜನ ಉಗಿದ ಮೇಲೆ ಅವರು ಆ ಸುರಕ್ಷತಾ ಬೋನಸ್ಸನ್ನು ಸತ್ತವರ ಕುಟುಂಬಗಳ ನಿಧಿಗೆ ದಾನ ಮಾಡಿದರು. ಲೆಕ್ಕ ತಪ್ಪಿರಲಿಲ್ಲ ಅನ್ನುವುದೇ ಇದರಲ್ಲಿ ಹೇಸಿಗೆಯ ಭಾಗ. ಸೂತ್ರಕ್ಕೆ ಸಂಖ್ಯೆ ಹಾಕಿದರು, ಉತ್ತರ ‘ಅತ್ಯುತ್ತಮ’ ಎಂದೇ ಬಂತು.

ಅಪಾಯವನ್ನೇ ತೆಗೆದುಹಾಕಿ, ಆಗದಿದ್ದರೆ ಕಡಿಮೆ ಅಪಾಯದ್ದನ್ನು ಬಳಸಿ, ಅದೂ ಆಗದಿದ್ದರೆ ಯಂತ್ರಕ್ಕೆ ಕೈ ಸಿಗದಂತೆ ಗಾರ್ಡ್ ಹಾಕಿ, ಆಮೇಲೆ ಕೆಲಸದ ಕ್ರಮ ಬದಲಿಸಿ, ಹೆಲ್ಮೆಟ್ಟು ಗ್ಲೌಸು ಕಟ್ಟಕಡೆಗೆ. ಪ್ರತಿ ಸುರಕ್ಷತಾ ಪುಸ್ತಕದಲ್ಲೂ ಇರುವುದು ಇದೇ ಕ್ರಮ. ನಮ್ಮವರು ಪುಸ್ತಕವನ್ನು ಹಿಂದಿನ ಪುಟದಿಂದ ಓದುತ್ತಾರೆ. ಹೆಲ್ಮೆಟ್ ಅಗ್ಗ, ಫೋಟೊದಲ್ಲೂ ಚೆನ್ನಾಗಿ ಕಾಣುತ್ತದೆ.

ನಗು ಸಾಕು. ಗಾರ್ಡ್ ತೆರೆದರೆ ಯಂತ್ರ ನಿಲ್ಲಿಸುವ ಸೆನ್ಸರ್‌ಗೆ ಟೇಪ್ ಸುತ್ತಿ ಅದನ್ನು ಕುರುಡಾಗಿಸಿದ್ದು ಕೆಲಸಗಾರನೇ ಇರಬಹುದು. ಆದರೆ ಸೆನ್ಸರ್ ಕೆಲಸ ಮಾಡಿದರೆ ಮುಟ್ಟಲಾಗದ ಟಾರ್ಗೆಟ್ ಹಾಕಿದವರು ಯಾರು? ತಿಂಗಳುಗಟ್ಟಲೆ ಅದೇ ಟೇಪಿನ ಪಕ್ಕದಲ್ಲೇ ಓಡಾಡಿ ‘ಎಲ್ಲ ಸರಿ ಇದೆ’ ಎಂದು ಟಿಕ್ ಹಾಕಿದವರು ಯಾರು? ಪ್ರಾಣಕ್ಕೆ ಕುತ್ತು ಬಂತೆಂದು ಕೆಲಸದ ಜಾಗ ಬಿಟ್ಟು ಬಂದವನಿಗೆ ತೊಂದರೆ ಕೊಡಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 155ನೇ ಒಡಂಬಡಿಕೆ 1981ರಲ್ಲೇ ಹೇಳಿದೆ. ಗುತ್ತಿಗೆಯವನೊಬ್ಬ ಹಾಗೆ ಬಿಟ್ಟು ಬರಲಿ ನೋಡೋಣ, ಮರುದಿನ ಗೇಟಿನಲ್ಲಿ ಅವನ ಕಾರ್ಡೇ ಓಡುವುದಿಲ್ಲ. ಸುರಕ್ಷಿತ ಕೆಲಸದ ಜಾಗವನ್ನು ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಲು ಆ ಸಂಸ್ಥೆಗೇ 2022 ಬರಬೇಕಾಯಿತು. ಸತ್ತವರಿಗೆ ಅಷ್ಟು ಪುರುಸೊತ್ತಿರಲಿಲ್ಲ.

ತನಿಖಾ ವರದಿ ಬರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಪದ್ಧತಿಯಂತೆ ಶಿಫಾರಸೂ ಸಿದ್ಧವಿದೆ: ಎಲ್ಲ ಕೆಲಸಗಾರರಿಗೆ ಮರುತರಬೇತಿ, ಕಡ್ಡಾಯ ಹಾಜರಿ. ಬಜೆಟ್ ಕತ್ತರಿಸಿದವರಿಗೆ ವಿನಾಯಿತಿ, ಅವರಿಗೆ ಅಂದು ಬೇರೆ ಮೀಟಿಂಗ್ ಇದೆ.