ಬಡಾವಣೆ ಗಾರ್ಡನ್‌ನಲ್ಲಿ ಮುಟ್ಟಿ, ಬಾರಿಸಿ ಆಡುವ ಕಲೆ ಬೇಕಾ?

ಪರ: ಸರಪಳಿ ಬಿಚ್ಚಿ, ಮುಟ್ಟಲು ಬಿಡಿ

ಮುಟ್ಟಿ, ಬಾರಿಸಿ ಆಡುವ ಕಲೆ ವಿಜಯಪುರದವರಿಗೆ ಹೊಸ ವಿಚಾರವೇನಲ್ಲ. ಗೋಲಗುಂಬಜಕ್ಕೆ ಹೋದವರು ಏದುಸಿರು ಬಿಡುತ್ತ ಮೇಲೆ ಹತ್ತುತ್ತಾರೆ, ಗ್ಯಾಲರಿಯ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟುತ್ತಾರೆ. ಸುಮಾರು 38 ಮೀಟರ್ ಆಚೆ ನಿಂತವರು ಅದನ್ನು ಕೇಳಿ ನಗುತ್ತಾರೆ. 1656ರ ಕಟ್ಟಡ ಇವತ್ತಿಗೂ ಜನರ ಜೊತೆ ಆಡುತ್ತಿದೆ. ಮಲಿಕ್-ಎ-ಮೈದಾನ್ ತೋಪನ್ನು ತಟ್ಟಿದರೆ ಗಂಟೆಯ ಹಾಗೆ ದನಿ ಬರುತ್ತದೆ ಅನ್ನೋದು ಇಲ್ಲಿನ ಹುಡುಗರಿಗೆಲ್ಲ ಗೊತ್ತು. ನಮ್ಮ ಗಾರ್ಡನ್‌ಗಳಲ್ಲಿ ಮಾತ್ರ ಸಿಮೆಂಟಿನ ಜಿರಾಫೆ, ಬಣ್ಣ ಹೋದ ನವಿಲು, ಸುತ್ತ ಸರಪಳಿ.

ಖರ್ಚು ಜಾಸ್ತಿ ಅಂತೀರಾ? ಕೋಲಿನಿಂದ ಬಾರಿಸಲು ಒಂದೇ ದಪ್ಪದ ಉಕ್ಕಿನ ಪೈಪುಗಳನ್ನು ಉದ್ದ ಬದಲಿಸಿ ತೂಗುಹಾಕಿದರೆ ಸಾಕು. ಸರಿಗಮದ ಕೆಳಗಿನ ಸಾ ಕೊಡುವ ಪೈಪು 1 ಮೀಟರ್ ಇದ್ದರೆ, ಮೇಲಿನ ಸಾ ಸುಮಾರು 71 ಸೆಂ.ಮೀ.ಗೆ ಸಿಗುತ್ತದೆ. ಕಟ್ಟುವ ಜಾಗ ಮಾತ್ರ ತಪ್ಪಬಾರದು. ಎರಡೂ ತುದಿಯಿಂದ ಉದ್ದದ ಶೇ. 22ರಷ್ಟು ಒಳಗೆ ಪೈಪು ಅಲುಗುವುದೇ ಇಲ್ಲ, ಅಲ್ಲೇ ಹಗ್ಗ ಕಟ್ಟಬೇಕು. ಅಲ್ಲಿ ಕಟ್ಟಿದರೆ ನಾದ ಬಹಳ ಹೊತ್ತು ಉಳಿಯುತ್ತದೆ, ಬೇರೆಲ್ಲೋ ಕಟ್ಟಿದರೆ ಠಪ್ ಅಂತ ಸಾಯುತ್ತದೆ. ಓಣಿಯ ವೆಲ್ಡಿಂಗ್ ಅಂಗಡಿಯವರಿಗೆ ಅಳತೆ ಬರೆದು ಕೊಟ್ಟರೆ ಮಾಡಿಕೊಡುತ್ತಾರೆ.

ಕಣ್ಣು ಕಾಣದ ಮಗುವಿಗೆ ಈಗಿನ ಗಾರ್ಡನ್ ಎಂದರೆ ಬರೀ ಗದ್ದಲ. ನುಣುಪು ಕಲ್ಲು, ಒರಟು ಕಲ್ಲು ಸೇರಿಸಿ ಕೈಯಾಡಿಸುವ ಗೋಡೆ ಕಟ್ಟಿ. ಸೊಂಟದೆತ್ತರದ ಕಟ್ಟೆ ಮಾಡಿ ದವನ, ಮರುಗ, ತುಳಸಿ ಹಚ್ಚಿ. ಗಾಲಿಕುರ್ಚಿಯಲ್ಲಿ ಕೂತವರೂ ಎಲೆ ತಿಕ್ಕಿ ಮೂಸಿ ನೋಡಬಹುದು.

ವಿರೋಧ: ಉದ್ಘಾಟನೆ ಆದ ಮೇಲೆ ಯಾರು?

ಗೋಲಗುಂಬಜದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ರಜೆಯ ದಿನ ಅಲ್ಲಿಗೆ ಹೋಗಿ ನೋಡಿ. ಪಿಸುಗುಟ್ಟುವವರು ಎಲ್ಲಿದ್ದಾರೆ? ಎಲ್ಲರೂ ಕಿರುಚುವವರೇ. ಆ ಗದ್ದಲದಲ್ಲಿ ಗೋಡೆಯ ಮಾತು ಯಾರಿಗೂ ಕೇಳುವುದಿಲ್ಲ. ಆದರೂ ಸಂಜೆ ಅದಕ್ಕೆ ಬೀಗ ಬೀಳುತ್ತದೆ, ಪಕ್ಕದಲ್ಲಿ ಯಾರೂ ಮಲಗಿರುವುದಿಲ್ಲ. ಬಡಾವಣೆಯಲ್ಲಿ ಗಾರ್ಡನ್ ಗೋಡೆಗೆ ಹತ್ತಿಯೇ ಮನೆ. ಅಲ್ಲಿ ಪರೀಕ್ಷೆಗೆ ಓದುವವರು, ಹಾಸಿಗೆ ಹಿಡಿದ ಅಜ್ಜಿ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಪೈಪು ಬಾರಿಸುವ ಹುಡುಗನಿಗೆ ಅದನ್ನು ಓದಿ ಹೇಳೋದು ಯಾರು?

ಇನ್ನು ಬಿಸಿಲು. ಮಕ್ಕಳಿಗೆ ರಜೆ ಸಿಗುವುದೇ ಏಪ್ರಿಲ್-ಮೇನಲ್ಲಿ. ಆಗ ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಮಧ್ಯಾಹ್ನ ಉಕ್ಕಿನ ಪೈಪು ಮುಟ್ಟಿದರೆ ಅಂಗೈ ಸುಡುತ್ತದೆ. ದವನಕ್ಕೆ ನೀರು ಬೇಕು. ಮನೆಯ ನಳಕ್ಕೇ ದಾರಿ ಕಾಯುವ ಊರಲ್ಲಿ ಅದಕ್ಕೆ ಹನಿಸುವವರು ಯಾರು?

ನಮ್ಮ ಗಾರ್ಡನ್‌ನ ಜೋಕಾಲಿಯ ಒಂದು ಸರಪಳಿ ಹರಿದಿದೆ. ಹಲಗೆ ಒಂದೇ ಕಡೆ ಜೋತು ಬಿದ್ದು ನೆಲ ಗೀರುತ್ತಿದೆ. ಬೇಕಾಗಿರೋದು ಒಂದು ಕೊಂಡಿ, ಅಷ್ಟೇ. ಅರ್ಜಿ ಕೊಟ್ಟಿದ್ದಾಯ್ತು, ಯಾರೂ ಬರಲಿಲ್ಲ. ಇಂಥಲ್ಲಿ ಪೈಪು ಬಾರಿಸುವ ಕೋಲು ಎಷ್ಟು ದಿನ ಉಳಿದೀತು?

ಕಲ್ಲಿನ ಗೋಡೆಗೆ ನನ್ನ ತಕರಾರಿಲ್ಲ. ಅದು ಮುರಿಯುವುದಿಲ್ಲ, ಸದ್ದು ಮಾಡುವುದಿಲ್ಲ, ನೀರೂ ಕೇಳುವುದಿಲ್ಲ. ಬೇವಿನ ನೆರಳಲ್ಲಿ ಅದೊಂದನ್ನು ಕಟ್ಟಿ. ಉಳಿದದ್ದೂ ಬೇಕೇ ಬೇಕು ಅಂದರೆ, ಐದು ವರ್ಷದ ದುರಸ್ತಿಯನ್ನು ಟೆಂಡರಿನಲ್ಲೇ ಬರೆಸಿ. ಅದು ಆಗಲ್ಲ ಅಂದರೆ ಜಾಗ ಖಾಲಿ ಬಿಡಿ, ಹುಡುಗರು ಕ್ರಿಕೆಟ್ ಆಡಿಕೊಳ್ಳುತ್ತಾರೆ.