ಒಣಗಿದ ಸಿಗಾರೂ ಉಪ್ಪಿನ ಭರಣಿಯೂ

ಮಂಗಳೂರಿನ ಮಳೆಗಾಲದಲ್ಲಿ ಒಂದು ವಸ್ತುವಿಗೆ ಪಸೆ ಹಿಡಿಸಲು ಎರಡು ತಿಂಗಳು ಪಾಡುಪಟ್ಟೆ ಅಂದರೆ ಯಾರೂ ನಂಬುವುದಿಲ್ಲ. ಇಲ್ಲಿ ಜೂನ್ ಬಂತೆಂದರೆ ಚಪ್ಪಲಿಗೆ ಬೂಸ್ಟು, ಬೆಲ್ಟಿಗೆ ಬೂಸ್ಟು, ಡಬ್ಬದೊಳಗಿನ ಹಪ್ಪಳವೂ ಮೆತ್ತಗೆ.

ಆರು ವರ್ಷದ ಹಿಂದೆ ನಮ್ಮ ಗೃಹಪ್ರವೇಶಕ್ಕೆ ದುಬೈ ಭಾವ ಹತ್ತು ಸಿಗಾರಿನ ಪೆಟ್ಟಿಗೆ ಕೊಟ್ಟಿದ್ದರು. ನಾನು ಸೇದುವವನಲ್ಲ. ಆದರೂ ದುಬಾರಿ ವಸ್ತು, ಬೂಸ್ಟು ಬರಬಾರದು ಅಲ್ವಾ? ಶೂ ಪೆಟ್ಟಿಗೆಗಳಿಂದ ಕೂಡಿಟ್ಟಿದ್ದ ಸಿಲಿಕಾ ಜೆಲ್ ಪೊಟ್ಟಣಗಳನ್ನೆಲ್ಲ ಅದಕ್ಕೆ ತುರುಕಿ, ಹೆಂಡತಿಯ ರೇಷ್ಮೆ ಸೀರೆಗಳ ಅಡಿಯಲ್ಲಿಟ್ಟೆ. ಈ ಮೇ ಕೊನೆಗೆ ಭಾವನ ಫೋನು: ಆಗಸ್ಟಿಗೆ ಬರ್ತಾರಂತೆ. ಪೆಟ್ಟಿಗೆ ತೆಗೆದು ಒಂದನ್ನು ಮೆಲ್ಲಗೆ ಅದುಮಿದೆ. ತರಗೆಲೆ ತುಳಿದ ಹಾಗೆ ಚರಚರ ಅಂತು.

ಮೂರನ್ನು ಇಡ್ಲಿ ಪಾತ್ರೆಯಲ್ಲಿಟ್ಟು ಹಬೆ ಕೊಟ್ಟೆ. ಐದೇ ನಿಮಿಷ. ಒಳಗಿನ ಸೊಪ್ಪು ಉಬ್ಬಿ, ಹೊರಗಿನ ಎಲೆ ಉದ್ದಕ್ಕೆ ಸೀಳಿತು. ಮರುದಿನದ ಇಡ್ಲಿಗೂ ಅದೇ ಘಮ. ಆ ಬಗ್ಗೆ ಮನೆಯಲ್ಲಿ ನಡೆದ ಮಾತುಕತೆ ಇಲ್ಲಿ ಬೇಡ.

ಆಮೇಲೆ ಓದಿದೆ. ಸಿಗಾರಿಗೆ ಬೇಕಾದ್ದು ಸುತ್ತಲಿನ ಗಾಳಿಯಲ್ಲಿ ಶೇ. 65ರಿಂದ 70ರಷ್ಟು ತೇವಾಂಶ. ಒಣಗಿದ್ದಕ್ಕೆ ಅದನ್ನು ವಾರಗಟ್ಟಲೆ, ಸ್ವಲ್ಪಸ್ವಲ್ಪವೇ ಕೊಡಬೇಕು. ಎಲೆಯಿಂದ ಹಾರಿಹೋದ ಎಣ್ಣೆ ಮಾತ್ರ ಏನು ಮಾಡಿದರೂ ವಾಪಸ್ ಬರುವುದಿಲ್ಲ. ತೇವ ತಾನೇ, ನಮ್ಮೂರ ಗಾಳಿಯಲ್ಲಿ ಪುಕ್ಕಟೆ ಸಿಗುತ್ತದೆ ಅಂತ ಉಳಿದದ್ದನ್ನು ಕಿಟಕಿ ಹತ್ತಿರ ಇಟ್ಟೆ. ಎರಡಕ್ಕೆ ಹಸಿರು ಬೂಸ್ಟು ಬಂತು.

ಯಾಕೆ ಅಂದರೆ, ಉತ್ತರ ಅಡುಗೆಮನೆಯಲ್ಲೇ ಇತ್ತು. ಗಾಳಿಯ ತೇವಾಂಶ ಶೇ. 75 ದಾಟಿದರೆ ಉಪ್ಪು ತಾನಾಗಿ ನೀರೊಡೆಯುತ್ತದೆ. ನಮ್ಮ ಉಪ್ಪಿನ ಭರಣಿ ಜೂನ್‌ನಿಂದ ಅದನ್ನೇ ಹೇಳುತ್ತಿತ್ತು. ನಾನು ಸುಮ್ನೆ ನಾಲ್ಕು ಅಕ್ಕಿಕಾಳು ಹಾಕಿ ಅದರ ಬಾಯಿ ಮುಚ್ಚಿಸುತ್ತಿದ್ದೆ.

ಕೊನೆಗೆ ಹ್ಯುಮಿಡಾರ್, ಅಂದರೆ ಸಿಗಾರಿಗೆ ಬೇಕಾದಷ್ಟೇ ತೇವ ಕಾಯುವ ಪೆಟ್ಟಿಗೆ, ತರಿಸಿದೆ. ಒಳಗೆ ಮರದ ವಾಸನೆ, ಮುಚ್ಚಳದಲ್ಲಿ ತೇವಾಂಶ ತೋರಿಸುವ ಮುಳ್ಳಿನ ಮೀಟರು. ಮೀಟರು ಪರೀಕ್ಷಿಸಲಿಕ್ಕೂ ಉಪ್ಪೇ ಬೇಕಂತೆ! ಬಾಟಲಿ ಮುಚ್ಚಳದಲ್ಲಿ ಒದ್ದೆ ಉಪ್ಪು ಹಾಕಿ, ಮೀಟರಿನ ಜೊತೆ ಡಬ್ಬದಲ್ಲಿ ಮುಚ್ಚಿಟ್ಟರೆ ಮುಳ್ಳು 75ಕ್ಕೆ ನಿಲ್ಲಬೇಕು. ನಮ್ಮದು 68ರಲ್ಲಿ ಹಾಯಾಗಿ ಕೂತಿತ್ತು. ನನಗೆ ಭರಣಿಯ ಮೇಲೆಯೇ ನಂಬಿಕೆ ಜಾಸ್ತಿ.

ಪಕ್ಕದ ಮನೆಯ ಅಕ್ಕ ಮೂವತ್ತು ವರ್ಷದಿಂದ ಬೀಡಿ ಕಟ್ಟುವವರು. ಸೀಳಿದ ಸಿಗಾರನ್ನು ತಿರುಗಿಸಿ ಮುರುಗಿಸಿ ನೋಡಿದರು. "ಒಣಗಿದ ಎಲೆಗೆ ಅರ್ಜೆಂಟು ಮಾಡಿದ್ರೆ ಆಗ್ತದಾ ಮಾರಾಯ್ರೆ? ನಾವು ಬೀಡಿ ಎಲೆಯನ್ನು ನೆನೆಸಿ, ಗೋಣಿಯಲ್ಲಿ ಸುತ್ತಿ, ರಾತ್ರಿಯಿಡೀ ಬಿಡ್ತೇವೆ." ಅಂಗೈಯಲ್ಲಿ ತೂಗಿ ನೋಡಿ, "ಇದೊಂದರಲ್ಲಿ ಒಂದು ಕಟ್ಟು ಬೀಡಿ ಆಗ್ತದೆ" ಅಂತಲೂ ಹೇಳಿದರು.

ಪೆಟ್ಟಿಗೆಯೊಳಗೆ ಮೊದಲು ತೇವಾಂಶವನ್ನು ಶೇ. 62ಕ್ಕೆ ನಿಲ್ಲಿಸುವ ಪೊಟ್ಟಣ, ಮೂರು ವಾರ ಬಿಟ್ಟು 65ರದ್ದು. ವಾರಕ್ಕೊಮ್ಮೆ ಮಗುವಿನ ಮಗ್ಗುಲು ಬದಲಿಸಿದ ಹಾಗೆ ಒಂದೊಂದನ್ನೂ ತಿರುಗಿಸಿದೆ. ಐದು ಬದುಕಿದವು. ಅದುಮಿದರೆ ಸದ್ದಿಲ್ಲ, ಸ್ವಲ್ಪ ತಗ್ಗಿ ಮತ್ತೆ ಏಳುತ್ತಿದ್ದವು.

ಭಾವ ಬಂದರು. ನಾನೇ ಮುಚ್ಚಳ ತೆಗೆದು ಮುಂದೆ ಹಿಡಿದೆ.

"ಅಯ್ಯೋ, ಇದಿನ್ನೂ ಉಂಟಾ? ನನಗೆ ಆಫೀಸಿನಲ್ಲಿ ಯಾರೋ ಕೊಟ್ಟದ್ದು ಮಾರಾಯ. ನಾನೆಲ್ಲಿ ಸೇದ್ತೇನೆ! ಅದಕ್ಕೇ ನಿನಗೆ ದಾಟಿಸಿದ್ದು." ಆಮೇಲೆ ಹ್ಯುಮಿಡಾರನ್ನು ಸವರಿದರು. "ಪೆಟ್ಟಿಗೆ ಮಾತ್ರ ಲಾಯ್ಕುಂಟು."