ನೀವು ಖುಷಿಯಾಗಿದ್ದೀರಾ? ಇವತ್ತು ಐದು ಗಂಟೆಯೊಳಗೆ ತಿಳಿಸಿ

ನಮ್ಮ ಐಟಿ ಆಫೀಸಿನಲ್ಲಿ ವರ್ಷಕ್ಕೆ ಎರಡು ಸಲ ಖುಷಿ ಅಳೆಯುತ್ತಾರೆ. ಜ್ವರ ನೋಡಿದ ಹಾಗೆ. ಥರ್ಮಾಮೀಟರ್ ಬದಲು ಒಂದು ಲಿಂಕ್ ಬರುತ್ತದೆ, ಒಳಗೆ 42 ಪ್ರಶ್ನೆ. ಮೊದಲನೆಯದು, 'ಬೆಳಗ್ಗೆ ಕೆಲಸಕ್ಕೆ ಹೊರಡುವಾಗ ಉತ್ಸಾಹ ಇರುತ್ತದೆಯೇ?' ನಾನದನ್ನು ಓದಿದ್ದು ಬೆಂಗಳೂರಿನ ಟಿನ್ ಫ್ಯಾಕ್ಟರಿ ಜಂಕ್ಷನ್ ಹತ್ತಿರ, ಕ್ಯಾಬಿನ ಹಿಂದಿನ ಸೀಟಿನಲ್ಲಿ. ಓದಿ, ಯೋಚಿಸಿ, ಒಂದು ಸಣ್ಣ ನಿದ್ದೆ ತೆಗೆದು ಎದ್ದರೂ ಕ್ಯಾಬು ಅದೇ ಕಂಬದ ಪಕ್ಕದಲ್ಲೇ ಇತ್ತು.

ಉತ್ತರ ಕೊಟ್ಟವರು ಯಾರು ಅಂತ ಯಾರಿಗೂ ಗೊತ್ತಾಗಲ್ಲ, ಧೈರ್ಯವಾಗಿ ಬರೆಯಿರಿ ಅಂತ ಮೇಲೆ ದಪ್ಪಕ್ಷರದಲ್ಲಿ ಹಾಕಿರುತ್ತಾರೆ. ಅದರ ಕೆಳಗೇ ಕೇಳುತ್ತಾರೆ: ಯಾವ ಟೀಮು, ಯಾವ ಊರು, ಎಷ್ಟು ವರ್ಷ ಸರ್ವೀಸು, ಗಂಡೋ ಹೆಣ್ಣೋ. ನಮ್ಮ ಟೀಮಿನಲ್ಲಿರುವುದೇ ಎಂಟು ಜನ. ಹನ್ನೊಂದು ವರ್ಷ ಸರ್ವೀಸಿನ ಹೆಂಗಸು ನಾನೊಬ್ಬಳೇ. ಜೊತೆಗೆ ಗೋತ್ರ, ನಕ್ಷತ್ರನೂ ಕೇಳಿಬಿಟ್ಟಿದ್ದರೆ ಒಂದು ಅರ್ಚನೆ ಮಾಡಿಸಬಹುದಿತ್ತು. ಮಧ್ಯಾಹ್ನ ಮೂರಕ್ಕೆ ಮ್ಯಾನೇಜರ್ ಮೆಸೇಜು: 'ನಿಮ್ಮದೊಂದೇ ಬಾಕಿ, ಬೇಗ ಮುಗಿಸಿ.' ಬರೆದವರು ಯಾರು ಅಂತ ಗೊತ್ತಾಗಲ್ಲ, ಸರಿ. ಬರೆಯದವರು ಗೊತ್ತಾಗುತ್ತಾರೆ.

ಕಳೆದ ಸಲ ನಮಗೆ ಐದಕ್ಕೆ 3.1 ಬಂತು. ಮ್ಯಾನೇಜರ್ ಮುಖ ಸೂತಕದ ಮನೆ. ಪಾಪ, ನಮ್ಮ ಖುಷಿ ಇಳಿದರೆ ಅವರ ಬೋನಸ್ಸೂ ಇಳಿಯುತ್ತದೆ. ತಕ್ಷಣ ಖುಷಿ ಹೆಚ್ಚಿಸುವ ಸಮಿತಿ ಆಯಿತು, ಅದರ ಮೀಟಿಂಗು ಶುಕ್ರವಾರ ಸಂಜೆ ಆರೂವರೆಗೆ, ಯಾಕೆಂದರೆ ಅಮೆರಿಕದವರು ಎದ್ದು ಕಾಫಿ ಕುಡಿಯುವುದೇ ಆಗ. ಬೀನ್ ಬ್ಯಾಗ್ ತರಿಸೋಣ ಅಂದರು ಒಬ್ಬರು. ಪಿಜ್ಜಾ ಅಂದರು ಇನ್ನೊಬ್ಬರು. ಹೊಸದಾಗಿ ಸೇರಿದ ಹುಡುಗನೊಬ್ಬ 'ಸರ್, ಶುಕ್ರವಾರ ಬೇಗ ಮನೆಗೆ ಬಿಟ್ಟರೆ?' ಅಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಟೀಮಿನ ವಾತಾವರಣ ತಿಳಿಗೊಳಿಸಿದ್ದಕ್ಕೆ ಅವನಿಗೆ 50 ಪಾಯಿಂಟ್ ಕೊಟ್ಟರು. ಸಾವಿರ ಪಾಯಿಂಟ್ ಆದರೆ ಕಂಪನಿ ಹೆಸರಿರುವ ನೀರಿನ ಬಾಟಲಿ ಸಿಗುತ್ತದೆ. ನಮ್ಮ ಮನೆಯಲ್ಲಿ ಈಗಾಗಲೇ ಮೂರಿವೆ, ಒಂದರಲ್ಲಿ ಹುರಿಗಡಲೆ ತುಂಬಿಟ್ಟಿದ್ದೇನೆ.

ಸಂಬಳದ ಮಾತೆತ್ತಿದರೆ ಮಾತ್ರ ಎಚ್‌ಆರ್‌ನವರು ಒಮ್ಮೆಲೇ ಪಂಡಿತರಾಗುತ್ತಾರೆ. ಫ್ರೆಡರಿಕ್ ಹರ್ಜ್‌ಬರ್ಗ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ, ಪಿಟ್ಸ್‌ಬರ್ಗಿನ ಸುಮಾರು ಇನ್ನೂರು ಎಂಜಿನಿಯರು, ಅಕೌಂಟೆಂಟುಗಳನ್ನು ಮಾತಾಡಿಸಿ 1959ರಲ್ಲಿ ಹೇಳಿದ್ದನಂತೆ, ಸಂಬಳ ಹುಮ್ಮಸ್ಸು ತರಲ್ಲ ಅಂತ. ಅವನು ಹಾಗೆ ಹೇಳಿದ್ದು ಹೆಚ್ಚುಕಮ್ಮಿ ನಿಜ. ಆದರೆ ಸಂಬಳ, ಕೆಲಸದ ಜಾಗ, ಮೇಲಿನವರ ನಡವಳಿಕೆ ಸರಿಯಿಲ್ಲದಿದ್ದರೆ ಜನ ಕುದಿಯುತ್ತಾರೆ, ಹುಮ್ಮಸ್ಸು ಬರುವುದು ಒಳ್ಳೆ ಕೆಲಸ, ಜವಾಬ್ದಾರಿ ಕೊಟ್ಟರೆ ಅಂತಲೂ ಅವನೇ ಹೇಳಿದ್ದ. ಇವರು ಆ ಪುಟ ಬರುವ ಮೊದಲೇ ಪುಸ್ತಕ ಮಡಚಿಟ್ಟಿದ್ದಾರೆ. ದೊಡ್ಡ ಐಟಿ ಸರ್ವೀಸ್ ಕಂಪನಿಗಳಲ್ಲಿ ಹೊಸಬರ ಸಂಬಳ ಹತ್ತು ವರ್ಷದಿಂದ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ಕೂತಿರುವುದು ಬಹುಶಃ ಈ ಓದಿನ ಫಲ.

ಇನ್ನು ಅಪ್ರೈಸಲ್ಲು, ಅಂದರೆ ವರ್ಷದ ಕೆಲಸಕ್ಕೆ ಅಂಕ ಹಾಕುವುದು. ಎಂಟೂ ಜನ ಚೆನ್ನಾಗಿ ಮಾಡಿದ್ದೀರಿ, ಆದರೆ ಬೆಲ್ ಕರ್ವ್ ಇದೆ, ಅಂದರೆ ಮೇಲೆ ಇಷ್ಟು ಜನ, ನಡುವೆ ಇಷ್ಟು, ಕೆಳಗೆ ಇಷ್ಟು ಅಂತ ಮೊದಲೇ ಲೆಕ್ಕ, ಒಬ್ಬರು ಕೆಳಗೆ ಬೀಳಲೇಬೇಕು. ಹೋದ ವರ್ಷ ಬಿದ್ದಿದ್ದು ಹೆರಿಗೆ ರಜೆಯಲ್ಲಿದ್ದವಳು. ಊರಿನಲ್ಲಿಲ್ಲದವರ ಮೇಲೆ ಚಾಡಿ ಹೇಳುವುದು ಸುಲಭ, ಅಲ್ವಾ?

ಹೊರಗಿನ ದೊಡ್ಡವರಿಗೆ ನಮ್ಮ ಹುಮ್ಮಸ್ಸಿನ ಬಗ್ಗೆ ಇನ್ನೂ ಜಾಸ್ತಿ ಕಾಳಜಿ. 2023ರಲ್ಲಿ ಇನ್ಫೋಸಿಸ್‌ನ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಲಿ ಅಂದರು. 2024ರ ಜುಲೈನಲ್ಲಿ ಐಟಿಯವರಿಗೆ ದಿನಕ್ಕೆ 14 ಗಂಟೆ ಕೆಲಸಕ್ಕೆ ದಾರಿ ಮಾಡುವ ತಿದ್ದುಪಡಿ ನಮ್ಮ ಸರ್ಕಾರದ ಮುಂದೆ ಬಂತು, ಐಟಿ ನೌಕರರ ಸಂಘದವರು ಗಲಾಟೆ ಮಾಡಿದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಕಂಪನಿ ಅಧ್ಯಕ್ಷರ ಮಾತು ಹೊರಬಂತು: ವಾರಕ್ಕೆ 90 ಗಂಟೆ, ಭಾನುವಾರನೂ ಸೇರಿ, ಮನೆಯಲ್ಲಿ ಕೂತು ಎಷ್ಟು ಹೊತ್ತು ಹೆಂಡತಿ ಮುಖ ನೋಡುತ್ತೀರಿ ಅಂತ. ನನ್ನ ಗಂಡನೂ ಐಟಿ, ರಾತ್ರಿ ಪಾಳಿ. ಮುಖ ನೋಡುವ ಸಮಸ್ಯೆ ನಮ್ಮ ಮನೆಯಲ್ಲಿ ಅಷ್ಟಾಗಿ ಇಲ್ಲ.

ಈ ಸಲ ನಾನು ಎಲ್ಲದಕ್ಕೂ ಐದಕ್ಕೆ ನಾಲ್ಕು ಒತ್ತಿದೆ. ಐದು ಒತ್ತಿದರೆ ಅನುಮಾನ ಬರುತ್ತದೆ, ಮೂರು ಒತ್ತಿದರೆ ಸಮಿತಿಗೆ ಹಾಕುತ್ತಾರೆ. ನಮ್ಮ ಟೀಮಿಗೆ 4.2 ಬಂತು, ಮ್ಯಾನೇಜರ್ ಕೇಕ್ ಕತ್ತರಿಸಿದರು. ಎಲ್ಲರೂ ಖುಷಿಯಾಗಿದ್ದಾರಲ್ಲ ಅಂತ ಹೊಸ ಸಾಫ್ಟ್‌ವೇರ್ ರಿಲೀಸಿನ ಗಡುವನ್ನು ಎರಡು ವಾರ ಮುಂಚೆಗೆ ತಂದರು.

ರಾತ್ರಿ ಹತ್ತೂವರೆಗೆ ಕ್ಯಾಬಿನಲ್ಲಿದ್ದಾಗ ತಿಪಟೂರಿನಿಂದ ಅಮ್ಮನ ಫೋನು. 'ಕೆಲಸ ಹೆಂಗಿದೆ?' ಅಂದರು.

'4.2' ಅಂದೆ.

ಅಮ್ಮ ಸ್ವಲ್ಪ ಹೊತ್ತು ಸುಮ್ನಿದ್ದರು. 'ಜ್ವರ ಬಂದಿದ್ಯೇನೇ?'